ಮೂವರ ಜೊತೆಗೊಂದು ಕಲ್ಲು

ಗುರುಪ್ರಸಾದನ ಕಂಪನಿ ಇಂಟರ್ನೆಟ್ಟಿನಲ್ಲಿ ಹೂವು ಮಾರುತ್ತಿತ್ತು. ಅಲ್ಲಿಂದ ಹೊರಟ ಹೂವು ಹೇಳಿದ ದಿನ ಹೇಳಿದ ಮನೆಗೆ ತಲುಪಿದ್ದನ್ನು ಕಂಡವರಿಲ್ಲ. ಆದರೂ ಅದರ ಷೇರು ಮಾತ್ರ ಮೇಲಕ್ಕೇ ಏರುತ್ತಿತ್ತು. ಇಂಟರ್ನೆಟ್ ಕಂಪನಿಗಳ ಆ ಹುಚ್ಚು ಕಾಲದಲ್ಲಿ ಅಮೆರಿಕದ ಸಾಂಟಾ ಕ್ಲಾರಾದಲ್ಲಿ ಎಲ್ಲರ ತಲೆಯೂ ಒಂದಿಷ್ಟು ತಿರುಗಿತ್ತೆನ್ನಿ. ರಜೆ ಎಂಬ ಪದವನ್ನೇ ಮರೆತಿದ್ದ ಗುರುಪ್ರಸಾದ ಒಂದು ಸಂಜೆ ಆಫೀಸಿನಿಂದ ಬೇಗ ಬಂದವನೇ, ಶೂ ಬಿಚ್ಚುವ ಮೊದಲೇ, "ನಿರು, ಎಲ್ಲಾದ್ರೂ ಒಂದು ವಾರ ಹೋಗಿಬರೋಣ. ಯಾವುದಾದ್ರೂ ಪುಟ್ಟ ದ್ವೀಪಕ್ಕೆ. ಫೋನೂ ಬೇಡ, ಪೇಜರೂ ಬೇಡ" ಎಂದ.

ಇದು ತನಗಾಗಿ ಎಂದು ಅವನ ಹೆಂಡತಿ ನಿರುಪಮಾಳಿಗೆ ಗೊತ್ತಾಯಿತು. ಎರಡು ವರ್ಷದ ಹಿಂದೆ ಅವಳ ಎರಡನೆಯ ಮಗು, ಗಂಡು, ಹುಟ್ಟುವಾಗಲೇ ತೀರಿಕೊಂಡಿತ್ತು. ಸರಟೋಗಾದ ಬೆಟ್ಟದ ಬುಡದಲ್ಲಿ ಅದನ್ನು ಮಣ್ಣು ಮಾಡಿ ಬಂದ ಮೇಲೆ ಗಂಡಹೆಂಡಿರು ಆ ಮಾತನ್ನೇ ಎತ್ತಿರಲಿಲ್ಲ. ಇಡಬೇಕೆಂದುಕೊಂಡಿದ್ದ ಹೆಸರು ಅವರಿಬ್ಬರಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆಗಿನ್ನೂ ಕೂಸಾಗಿದ್ದ ಮಗಳು ಸಂಯುಕ್ತಾಳಿಗೆ ಪಾಪು ಬರಲಿಲ್ಲ ಎಂದಷ್ಟೇ ಹೇಳಿದ್ದರು. ಅಂದಿನಿಂದ ನಿರುಪಮಾ ಅಡುಗೆ ಮಾಡುತ್ತಿದ್ದಳು, ನಗುತ್ತಿದ್ದಳು, ದೇವರಿಗೆ ದೀಪ ಹಚ್ಚುತ್ತಿದ್ದಳು. ಯಾವುದರಲ್ಲೂ ಅವಳ ಮನಸ್ಸು ಇರಲಿಲ್ಲ.

ಸೋಫಾದ ಮೇಲೆ ಬತ್ತಿ ಹೊಸೆಯುತ್ತಿದ್ದ ಗುರುಪ್ರಸಾದನ ತಾಯಿ ಸತ್ಯವತಮ್ಮ ತಲೆಯೆತ್ತಿದರು. ಮೈಸೂರಿನಿಂದ ಬಂದು ಆರು ತಿಂಗಳಾಗುತ್ತ ಬಂದಿತ್ತು, ಈ ಪ್ರವಾಸಕ್ಕೆ ಮೊದಲೇ ಅವರು ವಾಪಸು ಹೊರಡುವವರಿದ್ದರು.

"ಎಷ್ಟು ಜನ ಹೋಗೋದು?"

"ಇನ್ನೆಷ್ಟು ಜನ? ನಾವು ಮೂರು ಜನ."

"ಮೂರು ಜನ ಒಟ್ಟಿಗೆ ಹೊರಡಬಾರದು ಕಣೋ, ಅಪಶಕುನ. ಒಂದು ಕಲ್ಲು ಜೊತೆಗಿಟ್ಕೊಳ್ಳಿ, ಅದು ನಾಲ್ಕನೇದು ಅಂತ ಲೆಕ್ಕ. ಅಲ್ಲಿ ತಲುಪಿದ ಮೇಲೆ ಅಲ್ಲೇ ಬಿಟ್ಟು ಬರಬೇಕು, ವಾಪಸ್ ತರೋ ಹಾಗಿಲ್ಲ."

"ಬರುವಾಗಲೂ ಮೂರೇ ಜನ ಅಲ್ವೇನಮ್ಮ?"

"ಮನೆಗೆ ಬರೋರಿಗೆ ಲೆಕ್ಕ ಇಲ್ಲ. ಹೊರಡೋರಿಗೆ ಮಾತ್ರ" ಎಂದು ಸತ್ಯವತಮ್ಮ ಮಾತು ಮುಗಿಸಿದರು. ಅವರ ಹತ್ತಿರ ಎಲ್ಲಕ್ಕೂ ಉತ್ತರವಿತ್ತು.

ಆ ಭಾನುವಾರ ಸರಟೋಗಾದಲ್ಲಿ ಸ್ನೇಹಿತರೊಬ್ಬರ ಗೃಹಪ್ರವೇಶವಿತ್ತು. ಊಟ ಮುಗಿಸಿ ಹಿಂದಿರುಗುವಾಗ ನಿರುಪಮಾ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಅವನು ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ, "ಐದು ನಿಮಿಷ, ಇಲ್ಲೇ ಇರಿ" ಎಂದು ತಾಯಿಗೂ ಮಗಳಿಗೂ ಹೇಳಿ ಹೆಂಡತಿಯೊಂದಿಗೆ ಮರಗಳ ಹಿಂದೆ ಮರೆಯಾದ. ಯಾವ ಜಾಗ ಎಂದು ಹೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಸತ್ಯವತಮ್ಮನ ಕಣ್ಣಿಗೆ ಅದೊಂದು ಪಾರ್ಕು. ಕತ್ತರಿಸಿ ಬಿಟ್ಟ ಹಸಿರು ಹುಲ್ಲು, ಅಲ್ಲಲ್ಲಿ ಹೂವು, ಕೂರಲು ಬೆಂಚು. ಹೆಸರು ಕೆತ್ತಿದ ಫಲಕಗಳೆಲ್ಲ ನೆಲಮಟ್ಟಕ್ಕಿದ್ದು ಹುಲ್ಲಿನ ನಡುವೆ ಎದ್ದು ಕಾಣುತ್ತಿರಲಿಲ್ಲ. ಅಮೆರಿಕದಲ್ಲಿ ಸ್ಮಶಾನವೂ ಇಷ್ಟು ಚೊಕ್ಕಟವಾಗಿರುತ್ತದೆ ಎಂದು ಮೈಸೂರಿನ ಯಾವ ಅಜ್ಜಿ ತಾನೇ ಊಹಿಸಿಯಾರು? ಅವರು ಮೊಮ್ಮಗಳ ಕೈಹಿಡಿದು ಇಳಿದು ಒಂದು ಸುತ್ತು ಹಾಕಿಸಿದರು. ನಡುವೆ ಸಂಯುಕ್ತಾ ಬಗ್ಗಿ ಏನೋ ಹೆಕ್ಕಿದಳು. "ಜಾಣೆ, ಪ್ರಯಾಣದ ಕಲ್ಲು ಇದೇ ಆಗಲಿ" ಎಂದು ಅಜ್ಜಿ ಅವಳ ಬೆನ್ನು ತಟ್ಟಿದರು.

ಕಲ್ಲಿನ ವಿಷಯ ನಿರುಪಮಾಳಿಗೆ ತಿಳಿದದ್ದು ಮಾರನೆಯ ಸಂಜೆ. ಮಗಳು ನೆಲದ ಮೇಲೆ ಕುಳಿತು, ಬೂದು ಬಣ್ಣದ ಒಂದು ಉರುಟು ಕಲ್ಲಿಗೆ ಕರವಸ್ತ್ರ ಹೊದೆಸಿ, ಚಮಚದಲ್ಲಿ ಮೊಸರನ್ನ ಹಿಡಿದಿದ್ದಳು.

"ಯಾರಿಗೆ ಪುಟ್ಟಿ ಊಟ?"

"ಸುಧನ್ವನಿಗೆ" ಎಂದಳು ಸಂಯುಕ್ತಾ.

ಅದು ತೀರಿಕೊಂಡ ಮಗುವಿಗೆ ಇಡಬೇಕೆಂದುಕೊಂಡಿದ್ದ ಹೆಸರು. ಕಲ್ಲು ಎಲ್ಲಿ ಸಿಕ್ಕಿತೆಂದು ನಿರುಪಮಾ ಅತ್ತೆಯನ್ನು ಕೇಳಿದಾಗ, "ನಿನ್ನೆ ಹೋಗಿದ್ವಲ್ಲ, ಆ ಪಾರ್ಕಲ್ಲಿ" ಎಂಬ ಉತ್ತರ ಬಂತು. ರೂಮಿನಲ್ಲಿ ಗಂಡನಿಗೆ ಹೇಳಿದರೆ ಅವನೂ ಒಂದು ಗಳಿಗೆ ಬಿಳಿಚಿಕೊಂಡ. ಆಮೇಲೆ ಎಂಜಿನಿಯರಿನ ಬುದ್ಧಿ ಕೆಲಸ ಮಾಡಿತು. "ನಿದ್ದೇಲಿ ನೀನೇ ಕನವರಿಸಿರ್ತೀಯ, ಅವಳು ಕೇಳಿಸ್ಕೊಂಡಿರ್ತಾಳೆ, ಅಷ್ಟೇ" ಎಂದ. ಇರಬಹುದು ಎಂದುಕೊಂಡಳು. ಆದರೆ ಮಗಳು ಆಡಲು ಹೋದಾಗ ಆ ಕಲ್ಲನ್ನು ಕೈಗೆತ್ತಿಕೊಂಡಳು. ಅದು ಬೆಚ್ಚಗಿತ್ತು, ಮಲಗಿದ ಮಗುವಿನ ನೆತ್ತಿಯಷ್ಟು ಬೆಚ್ಚಗೆ. ಅವಳಿಗೆ ಭಯವಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಕೆಳಗಿಡಲು ಮನಸ್ಸೇ ಬರಲಿಲ್ಲ.

ದ್ವೀಪ ಆರಿಸಲು ಮೂವರೂ ಕಂಪ್ಯೂಟರಿನ ಮುಂದೆ ಕುಳಿತದ್ದು ಆ ವಾರವೇ. ಮೋಡೆಮ್ಮು ಕಿರುಚಿ, ಗೊರಗೊರ ಎಂದು ಸುಮ್ಮನಾಯಿತು. ಗುರುಪ್ರಸಾದನಿಗೆ ಮೆಚ್ಚುಗೆಯಾದದ್ದು ಪೆಸಿಫಿಕ್ಕಿನ ನಡುವಿನ ಒಂದು ಚೂರು ನೆಲ, ಕಾಲ್ನಡಿಗೆಯಲ್ಲಿ ಸುತ್ತಿದರೂ ಮಧ್ಯಾಹ್ನದ ಊಟಕ್ಕೆ ಹೊರಟಲ್ಲಿಗೇ ಬರಬಹುದಾದಷ್ಟು ಪುಟ್ಟದು. ಅದರ ಚಿತ್ರ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯತೊಡಗಿತು. ಮೊದಲು ಆಕಾಶ ಬಂತು, ಆಮೇಲೆ ತೆಂಗಿನ ಗರಿ, ನೀಲಿ ನೀರು, ಮರಳು. ಮರಳಿನ ಮೇಲೆ ಬೆನ್ನು ಹಾಕಿ ಕುಳಿತ ಒಂದು ಪುಟ್ಟ ಮಗುವಿನ ತಲೆ, ಹೆಗಲು.

"ನೋಡಮ್ಮ, ಅಲ್ಲಿ ಇದಾನೆ" ಎಂದಳು ಸಂಯುಕ್ತಾ.

ಲೈನು ಕಟ್ಟಾಯಿತು. ಗುರುಪ್ರಸಾದ ಗೊಣಗುತ್ತ ಮತ್ತೆ ಡಯಲ್ ಮಾಡಿದ. ಈ ಸಲ ಚಿತ್ರ ಪೂರ್ತಿ ಇಳಿಯಿತು. ಮರಳಿನ ಮೇಲೆ ಯಾರೂ ಇರಲಿಲ್ಲ. "ಎಂಥಾ ಜಾಗ!" ಎನ್ನುತ್ತ ಅವನು ಅಲ್ಲಿಗೇ ಟಿಕೆಟ್ ಕಾದಿರಿಸಿಬಿಟ್ಟ.

ಸತ್ಯವತಮ್ಮ ಮೈಸೂರಿಗೆ ಹೊರಟರು. ಏರ್‌ಪೋರ್ಟಿನಲ್ಲಿ ಸೊಸೆಯ ಕೈಹಿಡಿದು, "ಕಲ್ಲು ಮರೀಬೇಡಮ್ಮ" ಎಂದು ಮತ್ತೊಮ್ಮೆ ನೆನಪಿಸಿದರು.

ಪ್ರವಾಸದ ಹಿಂದಿನ ದಿನ ನಿರುಪಮಾ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು. ಸಂಯುಕ್ತಾ ತನ್ನ ಫ್ರಾಕುಗಳನ್ನೆಲ್ಲ ಒಂದೊಂದಾಗಿ ತಂದು ಸುರಿದಳು, ಚಳಿಗಾಲದ ಸ್ವೆಟರನ್ನೂ ಬಿಡದೆ.

"ಒಂದು ವಾರಕ್ಕೆ ಇಷ್ಟೆಲ್ಲ ಯಾಕೆ ಬಂಗಾರ?"

"ಕಲ್ಲು ವಾಪಸ್ ತರಬಾರದು ಅಂತ ಅಜ್ಜಿ ಹೇಳಿದ್ರಲ್ಲ. ಅವನಿಗೆ ಒಬ್ಬನೇ ಇರೋಕೆ ಭಯ. ಸೋ ಐ ವಿಲ್ ಸ್ಟೇ ವಿತ್ ಹಿಮ್." ಅವಳ ಮುಖದಲ್ಲಿ ಆಟದ ಲಕ್ಷಣವಿರಲಿಲ್ಲ. "ನೀನು ಅಳಬಾರದು ಅಂತ ಹೇಳಿದಾನೆ."

ನಿರುಪಮಾ ಬಟ್ಟೆ ತುಂಬುವುದನ್ನು ಬಿಟ್ಟು ಮಂಚದ ಮೇಲೆ ಕುಳಿತಳು. ಕಲ್ಲು ಹೋದರೆ ಮಗಳು ಅಲ್ಲೇ ಉಳಿಯುತ್ತಾಳೆ. ಕಲ್ಲು ಬಿಟ್ಟು ಹೋದರೆ ಹೊರಡುವವರು ಮೂವರೇ ಆಗುತ್ತಾರೆ. ಇಂಥದ್ದನ್ನೆಲ್ಲ ಮೂಢನಂಬಿಕೆ ಎಂದು ನಗುತ್ತಿದ್ದವಳು ಈಗ ಬೆರಳು ಮಡಿಸಿ ಎಣಿಸುತ್ತ ಕುಳಿತಳು. ಎಣಿಸಿ ಎಣಿಸಿ ಒಂದು ದಾರಿ ಹೊಳೆಯಿತು. ತಾನು ಹೋಗದಿದ್ದರೆ ಹೊರಡುವವರು ಇಬ್ಬರೇ. ಇಬ್ಬರಿಗೆ ಕಲ್ಲು ಬೇಕಿಲ್ಲ. ಅದರ ಹಿಂದೆಯೇ ಇನ್ನೊಂದು ಆಸೆಯೂ ತಲೆಯೆತ್ತಿತು. ಒಂದಿಡೀ ವಾರ ಈ ಮನೆಯಲ್ಲಿ ತಾನು, ತನ್ನ ಮಗ.

ಬೆಳಿಗ್ಗೆ ಜ್ವರ ಎಂದು ಮುಸುಕು ಹಾಕಿ ಮಲಗಿದಳು. ಗುರುಪ್ರಸಾದನ ಮುಖ ಬಾಡಿತು. "ನಿನಗೋಸ್ಕರ ಅಲ್ವೇನೇ ಹೊರಟಿದ್ದು? ಬೇಡ, ಕ್ಯಾನ್ಸಲ್ ಮಾಡೋಣ."

"ಬೇಡ ರೀ. ಪುಟ್ಟಿಗೆ ಬೇಜಾರಾಗತ್ತೆ. ಅವಳನ್ನ ಒಂದು ಕ್ಷಣವೂ ಕೈಬಿಡಬೇಡಿ, ಸರಿಯಾಗಿ ವಾಪಸ್ ಕರ್ಕೊಂಡು ಬನ್ನಿ, ಅಷ್ಟು ಸಾಕು."

ಹೊರಡುವ ಮುನ್ನ ಮಗಳನ್ನು ಹತ್ತಿರ ಕರೆದು, ಮೊದಲ ಬಾರಿಗೆ ಅವಳ ಮುಂದೆ ಆ ಹೆಸರನ್ನು ಬಾಯಿಬಿಟ್ಟು ಆಡಿದಳು. "ಸುಧನ್ವ ನನ್ನ ಹತ್ತಿರ ಇರ್ತಾನೆ ಪುಟ್ಟಿ. ನಾನು ನೋಡ್ಕೋತೀನಿ."

ಸಂಯುಕ್ತಾ ಕಲ್ಲನ್ನು ಅಮ್ಮನ ಕೈಗಿಟ್ಟಳು. ಬಾಗಿಲ ಹತ್ತಿರ ನಿಂತು ಪಕ್ಕಕ್ಕೆ ತಿರುಗಿ ಪಿಸುಗುಟ್ಟಿದಳು. ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ.

ಏರ್‌ಪೋರ್ಟಿಗೆ ಕರೆದೊಯ್ಯುವ ವ್ಯಾನು ಹೊರಟುಹೋಯಿತು. ನಿರುಪಮಾ ಕಲ್ಲನ್ನು ಎದೆಗೊತ್ತಿಕೊಂಡು ಕುಳಿತಳು. ಹಾಲು ಬಿಸಿ ಮಾಡಿದಳು, ಮರೆತೇಹೋಗಿದ್ದ ಲಾಲಿಯ ಧಾಟಿಯೊಂದನ್ನು ಗುನುಗಿದಳು. ಎಷ್ಟೋ ಹೊತ್ತಿನ ಮೇಲೆ ಅವಳಿಗೆ ಅರಿವಾಯಿತು, ಕಲ್ಲು ತಣ್ಣಗಿತ್ತು. ಅಂಗೈಯಲ್ಲಿಟ್ಟು ಉಜ್ಜಿದಳು, ಸೆರಗಿನಲ್ಲಿ ಸುತ್ತಿದಳು. ಅದು ಬರೀ ಕಲ್ಲಾಗಿತ್ತು.

ಫೋನು ಹೊಡೆದುಕೊಂಡಿತು.

"ನಿರು, ಜ್ವರ ಹೇಗಿದೆ? ಇನ್ನೇನು ಬೋರ್ಡಿಂಗು. ಇಲ್ಲೊಂದು ತಮಾಷೆ ಕೇಳು. ನಿನ್ನ ಟಿಕೆಟ್ ಕ್ಯಾನ್ಸಲ್ ಮಾಡಿ ಅಂದ್ರೆ ಕೌಂಟರಿನ ಹುಡುಗಿ, ಮೂರು ಜನಾನೂ ಇಲ್ಲೇ ನಿಂತಿದೀರಲ್ಲ, ಯಾಕೆ ಅಂತಾಳೆ! ಇರು, ಪುಟ್ಟಿಗೆ ಮಾತಾಡಬೇಕಂತೆ."

"ಅಮ್ಮ, ಹಿ ಕೇಮ್! ನಾನು ಕರೆದೆ, ಬಂದುಬಿಟ್ಟ. ನನ್ನ ಕೈ ಹಿಡ್ಕೊಂಡಿದಾನೆ."

"ಪುಟ್ಟಿ, ಅಪ್ಪನಿಗೆ ಫೋನ್ ಕೊಡು. ರೀ, ಹತ್ತಬೇಡಿ! ರೀ!"

"ಬಾಯ್ ಅಮ್ಮ. ನೀನು ಅಳಬಾರದು."

ಲೈನು ಕಟ್ಟಾಯಿತು. ಅವಳು ಗಂಡನ ನಂಬರನ್ನು ಮತ್ತೆ ಮತ್ತೆ ಒತ್ತಿದಳು. ಅವನು ಆಗಲೇ ಫೋನು ಆರಿಸಿಬಿಟ್ಟಿದ್ದ. ಮೂವರು ಹೊರಟಿದ್ದರು. ಜೊತೆಗಿರಬೇಕಾಗಿದ್ದ ಕಲ್ಲು ಅವಳ ಕೈಯಲ್ಲಿತ್ತು.