ಅಧ್ಯಕ್ಷರ ದನಿ

ಐಗಳಿ ದಾಟಿದ ಮೇಲೆ ಬರುವ ಆ ಊರಿಗೆ ಡಿಜಿಟಲ್ ಎಕ್ಸ್‌ಚೇಂಜಿನ ಫೋನು ಬಂದದ್ದೂ ಹೆಂಗಸರಿಗೆ ಪಂಚಾಯ್ತಿಯ ಕುರ್ಚಿ ಬಂದದ್ದೂ ಒಂದೇ ವರ್ಷ. ಎರಡೂ ಸೀದಾ ಹೋಗಿ ಊರ ಧಣಿ ಭಾವುಸಾಹೇಬನ ಪಡಸಾಲೆ ಸೇರಿದವು. ಉದ್ಘಾಟನೆಯ ದಿನ ಆ ಮಹಾನುಭಾವ ಕೊರಳ ತುಂಬ ಹಾರ ಹಾಕಿಸಿಕೊಂಡು, "ಇನ್ನ ಮುಂದ ಬಡವರ ದನಿ ದಿಲ್ಲಿಗೆ ಮುಟ್ಟತೈತಿ" ಎಂದು ಭಾಷಣ ಬಿಗಿದ. ಮರುದಿನವೇ ಪಂಚಾಯ್ತಿ ಕಟ್ಟಡ ಸೋರುತ್ತದೆಂಬ ನೆಪ ತೆಗೆದು ಫೋನನ್ನು ತನ್ನ ಮನೆಗೆ ಒಯ್ದು ಅದಕ್ಕೊಂದು ಪುಟ್ಟ ಬೀಗ ಜಡಿದ. ಅದೇ ಸೋರುವ ಕಟ್ಟಡದಲ್ಲಿ ಮೆಂಬರುಗಳು ಕೂತು ಸಭೆ ಮಾಡುವುದಕ್ಕೆ ಮಾತ್ರ ಅಡ್ಡಿ ಇರಲಿಲ್ಲ.

ಊರ ಜನರೇನು ಕಡಿಮೆಯೇ? ಫೋನು ಮುಟ್ಟುವ ಮೊದಲು ಚಪ್ಪಲಿ ಬಿಡುತ್ತಿದ್ದರು. ಆ ಕಡೆ ಸಾಹೇಬರು ಯಾರಾದರೂ ಇದ್ದರೆ ಟೋಪಿ ಸರಿಮಾಡಿಕೊಂಡು ಫೋನಿಗೇ ನಮಸ್ಕಾರ ಹೊಡೆಯುತ್ತಿದ್ದರು. ಇಂಥವರ ತಲೆಯ ಮೇಲೆ ಕೂರಲು ಭಾವುಸಾಹೇಬನೇ ತಕ್ಕವನು ಎಂದು ಚನ್ನವ್ವ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು.

ಚನ್ನವ್ವನೇ ಅಧ್ಯಕ್ಷೆ. ಎಮ್ಮೆ ಕಟ್ಟಿ ಹಾಲು ಮಾರುವವಳು. ಮೀಸಲು ಕುರ್ಚಿಗೆ ಬಾಯಿಲ್ಲದ ಹೆಂಗಸೊಬ್ಬಳು ಬೇಕೆಂದು ಭಾವುಸಾಹೇಬ ಹುಡುಕುತ್ತಿದ್ದಾಗ, ದಿನಾ ಹಿತ್ತಲ ಬಾಗಿಲಲ್ಲಿ ಹಾಲು ಅಳೆದುಕೊಟ್ಟು ತುಟಿಪಿಟಕ್ಕೆನ್ನದೆ ಹೋಗುವ ಇವಳು ಕಣ್ಣಿಗೆ ಬಿದ್ದಳು. ತನ್ನಂಥವನ ಜೊತೆ ಆಡುವಂಥ ಮಾತೇನೂ ಇಲ್ಲವೆಂದು ಅವಳು ಸುಮ್ಮನಿದ್ದಾಳೆಂಬುದು ಆ ಶಾಣ್ಯಾನಿಗೆ ಹೊಳೆಯಲೇ ಇಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದೇ, ಕೆಳಗಿನ ಓಣಿಗೆ ನಳ. ಅಲ್ಲಿಯ ಹೆಂಗಸರು ಹಳ್ಳದಲ್ಲಿ ವರತೆ ತೋಡಿ ನೀರು ಹೊರುತ್ತಿದ್ದರು. ಬಾಣಂತನಕ್ಕೆಂದು ತವರಿಗೆ ಬಂದಿದ್ದ ಚನ್ನವ್ವನ ಮಗಳು ತುಂಬಿದ ಕೊಡದ ಸಮೇತ ಆ ದಂಡೆಯಲ್ಲಿ ಜಾರಿ ಬಿದ್ದು ಹೊಟ್ಟೆಯ ಕೂಸನ್ನು ಕಳೆದುಕೊಂಡಿದ್ದಳು. ಕುರ್ಚಿಗೆ ಚನ್ನವ್ವ ಹೂಂ ಅಂದದ್ದು ಇದೊಂದಕ್ಕೇ. ಸಭೆಯಲ್ಲಿ ಬಾಯಿ ತೆರೆದು ನಳ ಕೇಳಿದಳು, ಎಲ್ಲರೂ ಒಪ್ಪಿದರು. ಆದರೆ ಕೆಲಸ ಶುರುವಾದಾಗ ಸುಣ್ಣದ ಗೆರೆ ಓಣಿಯ ಕಡೆ ತಿರುಗದೆ ಭಾವುಸಾಹೇಬನ ದ್ರಾಕ್ಷಿ ತೋಟದ ಕಡೆ ಹೊರಟಿತ್ತು. ಕೇಳಿದರೆ ಅಗೆಯುವ ಆಳುಗಳ ಮುಕಾದಮ ನಕ್ಕ: "ಅಧ್ಯಕ್ಷರ ಫೋನ್ ಮಾಡಿ ಹೇಳ್ಯಾರಂತಲ್ರಿ!"

ಚನ್ನವ್ವನ ಮೈಯೆಲ್ಲ ಉರಿದುಹೋಯಿತು. ಎಮ್ಮೆಯನ್ನು ನೆರೆಯವಳಿಗೆ ಒಪ್ಪಿಸಿ ಅಥಣಿಯ ಬಸ್ಸು ಹತ್ತಿದಳು.

ಪೈಪಿನ ಕೆಲಸ ನೋಡುವ ಇಂಜಿನಿಯರ್ ಸಾಹೇಬ ಅವಳನ್ನು ಮೇಲಿಂದ ಕೆಳಗೆ ನೋಡಿದ. ಕೂತುಕೊ ಅನ್ನಲಿಲ್ಲ.

"ನಾ ಅಧ್ಯಕ್ಷಿ ಚನ್ನವ್ವ ರಿ. ಪೈಪ್ ಕೆಳಗಿನ ಓಣಿಗೆ ಹೋಗಬೇಕ್ರಿ."

"ನೀ ಅಧ್ಯಕ್ಷಿ?" ಸಾಹೇಬ ಬಿದ್ದು ಬಿದ್ದು ನಕ್ಕ. "ಅವರ ಕೂಡ ನಾ ಹಗಲೆಲ್ಲಾ ಮಾತಾಡ್ತೀನಿ ಬೇ. ಏನ್ ನಯ, ಏನ್ ನಾಜೂಕು! ನಿನ್ನ ಈ ಗೊಗ್ಗರ ದನಿ ಕೇಳಿ ನಂಬಬೇಕೇನು? ತಡಿ, ಈಗಿಂದೀಗ ತೀರಸೂಣು."

ನಂಬರ್ ಒತ್ತಿದ. ಆ ಫೋನಿನ ಸದ್ದು ಕೋಣೆಗೆಲ್ಲ ಕೇಳುತ್ತಿತ್ತು. ಮೊದಲು ಭಾವುಸಾಹೇಬ: "ಅದಾರ ಅದಾರ, ಇಲ್ಲೇ ಅದಾರ, ಕರೀತೀನ್ರಿ." ಆಮೇಲೆ ಒಂದು ಮೆತ್ತಗಿನ ಹೆಣ್ಣುದನಿ: "ನಮಸ್ಕಾರ ರೀ, ಚನ್ನವ್ವ ಮಾತಾಡಾಕತ್ತೀನಿ."

ಚನ್ನವ್ವನಿಗೆ ಕೂಡಲೇ ಗುರುತು ಸಿಕ್ಕಿತು. ದಿನಾ ಅವಳ ಕೈಯಿಂದ ಹಾಲು ಇಸಿದುಕೊಳ್ಳುವ ಭಾವುಸಾಹೇಬನ ಸೊಸೆ, ಚಿಕ್ಕೋಡಿಯಲ್ಲಿ ಕಾಲೇಜು ಓದಿದ ಸುಗಂಧಾ. ಆ ಮನೆಯಲ್ಲಿ ಸೊಸೆ ಮಾವನ ಎದುರು ಬಾಯಿ ಬಿಡುವಂತಿಲ್ಲ. ಒಂದು ಬೆಳಿಗ್ಗೆ ಹಿತ್ತಲ ಬಾಗಿಲಿಂದ ಚನ್ನವ್ವ ಕಂಡಿದ್ದಳು: ಸೊಸೆ ಮುಖದ ತುಂಬ ಸೆರಗು ಎಳೆದುಕೊಂಡು ಫೋನು ಹಿಡಿದಿದ್ದಳು, ಮಾವ ಗೋಡೆಗೆ ಮುಖ ಮಾಡಿ ನಿಂತಿದ್ದ. ತವರಿನವರ ಫೋನಿರಬೇಕು ಎಂದುಕೊಂಡಿದ್ದಳು. ಈಗ ತಿಳಿಯಿತು. ಮಾವನ ಎದುರು ತನ್ನ ಮಾತು ಆಡಿದರೆ ಮರ್ಯಾದೆ ಕೆಡುತ್ತದೆ, ಹಾಲಿನವಳ ಹೆಸರು ಹೇಳಿ ಸುಳ್ಳು ಆಡಿದರೆ ಕೆಡುವುದಿಲ್ಲ. ಥೂ, ಇವರ ಮನೆತನಕ್ಕಿಷ್ಟು!

"ಮೇಡಂ," ಸಾಹೇಬ ಬೆಣ್ಣೆಯಂತೆ ಕರಗಿದ, "ಇಲ್ಲೊಬ್ಬಾಕಿ ಬಂದು ನಾನ ಚನ್ನವ್ವ ಅಂತ ನಿಂತಾಳ್ರಿ. ಪೈಪ್ ಕೆಳಗಿನ ಓಣಿಗೆ ಬೇಕಂತ. ಏನ್ ಮಾಡೂಣ್ರಿ?"

ಚನ್ನವ್ವ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಹುಡುಗಿ ಇಲ್ಲ ಅಂದರೆ ಇವತ್ತಿಗೆ ಎಲ್ಲ ಮುಗಿಯಿತು, ಮಗಳು ಮತ್ತೆ ಅದೇ ದಂಡೆ ಇಳಿಯಬೇಕು.

"ಅಲ್ಲೇ ಹಾಕ್ರಿ," ಅಂದಿತು ದನಿ. ಆಮೇಲೆ ಇನ್ನೂ ಜೋರಾಗಿ, ಆ ಪಡಸಾಲೆಯಲ್ಲಿ ಯಾವ ಸೊಸೆಯೂ ಎತ್ತದಷ್ಟು ಜೋರಾಗಿ: "ಕೆಳಗಿನ ಓಣಿಗೇ ಹಾಕ್ರಿ ಸಾಹೇಬ್ರ. ಮೊದಲ ಹೇಳಿದ್ದು ತಪ್ಪು. ಅಧ್ಯಕ್ಷಿ ನಾ ಹೇಳಾಕತ್ತೀನಿ. ನಾಳೆ ಯಾವ ಗಂಡಸು ಫೋನ್ ಮಾಡಿ ಬ್ಯಾರೆ ಹೇಳಿದ್ರೂ ಕೇಳಬ್ಯಾಡ್ರಿ."

ಹಿಂದಿನಿಂದ ಭಾವುಸಾಹೇಬ ಕೆಮ್ಮಿದ್ದು ಕೇಳಿಸಿತು. ಕೆಮ್ಮಿದ, ಅಷ್ಟೇ. ಫೋನು ಕಸಿದುಕೊಂಡು ಇವಳು ಅಧ್ಯಕ್ಷಿಯಲ್ಲ, ನನ್ನ ಸೊಸೆ ಎಂದು ಹೇಳುವ ಧೈರ್ಯ ಆ ಹುಲಿಗೆ ಎಲ್ಲಿಂದ ಬರಬೇಕು? ಮಾಡಿದ್ದೆಲ್ಲ ಅವನ ಕೊರಳಿಗೇ ಸುತ್ತಿಕೊಳ್ಳುತ್ತಿತ್ತು.

"ಆತ್ರಿ ಮೇಡಂ, ನೀವು ಹೇಳಿದಂಗ ರಿ," ಎನ್ನುತ್ತ ಇಂಜಿನಿಯರ್ ಫೋನಿನ ಎದುರು ಕುರ್ಚಿ ಬಿಟ್ಟು ಎದ್ದೇಬಿಟ್ಟ. ಇಟ್ಟ ಮೇಲೆ ಮತ್ತೆ ಆರಾಮಾಗಿ ಕೂತು ಚನ್ನವ್ವನ ಕಡೆ ತಿರುಗಿದ.

"ನೋಡಿದೇನ ಬೇ? ಅಧ್ಯಕ್ಷರಂದ್ರ ಹಿಂಗಿರಬೇಕು. ಬಡವರ ಕಷ್ಟ ಅವರಿಗೆ ಗೊತ್ತೈತಿ. ನೀ ಇಷ್ಟ ದೂರ ಬಂದು ಸುಳ್ಳ ಹೇಳೂ ಜರೂರಿ ಏನಿತ್ತು?"

ನಾಲಿಗೆಯ ತುದಿಗೆ ಬಂದ ಬೈಗುಳವನ್ನು ಚನ್ನವ್ವ ನುಂಗಿಕೊಂಡಳು. ಈ ಮನುಷ್ಯನ ಕೈಲಿ ಅಧ್ಯಕ್ಷಿ ಅನ್ನಿಸಿಕೊಂಡು ಆಗಬೇಕಾದ್ದೂ ಏನಿರಲಿಲ್ಲ.

"ತಪ್ಪಾತ್ರಿ ಸಾಹೇಬ್ರ," ಅಂದಳು. "ನಳ ಎಂದ ಬರ್ತೈತ್ರಿ?"

"ಅದನ್ನ ನಿನಗ್ಯಾಕ ಹೇಳಲಿ?" ಅಂದ ಸಾಹೇಬ. "ಅಧ್ಯಕ್ಷರಿಗೆ ಫೋನ್ ಮಾಡಿ ತಿಳಸ್ತೀನಿ. ನೀ ಇನ್ನ ನಡಿ."