ಹೊತ್ತು ಹಿಡಿದವಳು

ನನ್ನ ಮಕ್ಕಳು ರಾಕ್ಷಸಿಯರು ಅಂತ ಹಾಸನದ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಸಿದ್ಧಿಗೆ ಎಂಟು, ತ್ರಿಷಾಗೆ ಆರು. ಒಂದೇ ವರ್ಷದಲ್ಲಿ ಮೂವರು ಆಯಾಗಳು ಬಂದು, ಕೈಮುಗಿದು ಹೋಗಿದ್ದರು. ಒಬ್ಬಳ ಚಪ್ಪಲಿಯನ್ನು ಇವು ಫ್ರಿಜ್ಜಿನಲ್ಲಿಟ್ಟಿದ್ದವು. ಚನ್ನರಾಯಪಟ್ಟಣದ ಕಾಲೇಜಿನಲ್ಲಿ ನೂರು ಹುಡುಗರನ್ನು ಕಣ್ಣಲ್ಲೇ ಕೂರಿಸುವ ನನ್ನ ಮಾತನ್ನು ಇವೆರಡು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ನನ್ನ ಗಂಡ ಧನಂಜಯ್ ಪಾತ್ರೆ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಅವು ಮಲಗಿರುತ್ತಿದ್ದವು. ಅವರ ಪಾಲಿಗೆ ಬಂಗಾರದಂಥ ಮಕ್ಕಳು.

ಜೂನ್‌ನಲ್ಲಿ ಸಾಲಗಾಮೆಯಿಂದ ಚಿಕ್ಕಲಕ್ಷ್ಮಮ್ಮ ಬಂದಳು. ಐವತ್ತೈದು ದಾಟಿದ ಗೌಡರ ಹೆಂಗಸು. ಜೈನರ ಮನೆ ನಮ್ಮದು, ಹೊತ್ತು ಮುಳುಗುವ ಮುಂಚೆ ಮಕ್ಕಳ ಊಟ ಮುಗಿಯಬೇಕು, ಆಮೇಲೆ ಒಂದು ಅಗುಳೂ ಇಲ್ಲ ಅಂದೆ. "ಅಂಗೇ ಆಗ್ಲಿ ಅಮ್ಮಾರೇ" ಅಂದಳು. ಮಾಂಸ ತಿನ್ನುವ ಮನೆಯವಳು ನಮ್ಮ ನೇಮವನ್ನು ನಮಗಿಂತ ಚೆನ್ನಾಗಿ ನಡೆಸಿದಳು. ನಾನೋ, ಬಸ್ ತಡವಾದ ದಿನ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಕತ್ತಲಾದ ಮೇಲೂ ವಡೆ ತಿಂದು ಬಾಯಿ ಒರೆಸಿಕೊಳ್ಳುವವಳು.

ಅವಳು ಬೈಯಲಿಲ್ಲ, ಹೊಡೆಯಲಿಲ್ಲ. ಎರಡು ತಿಂಗಳಲ್ಲಿ ಮಕ್ಕಳು ತಟ್ಟೆ ತೊಳೆದಿಡುವಂತಾದವು. ಅವಳನ್ನು "ಅವ್ವ" ಅಂತ ಕರೆಯತೊಡಗಿದವು. ಅವಳ ಮಗ ಫೋನಿನಲ್ಲಿ ಹಾಗೆ ಕರೆಯುವುದನ್ನು ಕೇಳಿ ಕಲಿತದ್ದು. ಅವ್ವ ಅಂದರೆ ಅವರಲ್ಲಿ ಹೆತ್ತವಳು. ಮಕ್ಕಳಿಗೇನು ಗೊತ್ತು, ಅದೊಂದು ಹೆಸರು ಅಂದುಕೊಂಡಿರಬೇಕು ಅಂತ ಸಮಾಧಾನ ಮಾಡಿಕೊಂಡೆ. ಆದರೂ ಹೊಟ್ಟೆ ಉರಿಯಿತು. ನನ್ನ ಮಕ್ಕಳು ನನ್ನವಾಗಬೇಕಿತ್ತು, ಅಷ್ಟೇ.

ಆಗಸ್ಟ್‌ನ ಒಂದು ಭಾನುವಾರ ಅವಳು ಬಂದಿರಲಿಲ್ಲ. ಟಿವಿಯಲ್ಲಿ ಸಿನಿಮಾ ಬಂತು. ತಲೆಹರಟೆ ಮಕ್ಕಳು, ಅವರನ್ನು ಮಂತ್ರ ಹಾಕಿ ದಾರಿಗೆ ತರುವ ಒಬ್ಬ ಆಯಾ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದವು. ಉತ್ತರಪತ್ರಿಕೆ ತಿದ್ದುವುದಿತ್ತು, ನಾನು ಅರ್ಧಕ್ಕೇ ಎದ್ದೆ.

ಮಾರನೆಯ ದಿನದಿಂದ ಎರಡೂ ಮತ್ತೆ ಕೆಟ್ಟವು, ಮೊದಲಿಗಿಂತ ಹೆಚ್ಚಾಗಿ. ಊಟದ ಹೊತ್ತಿಗೆ ಸರಿಯಾಗಿ ಮಾಯ. ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಅಡಗಿ, ಬೀದಿದೀಪ ಹತ್ತಿದ ಮೇಲೆ ಇಳಿಯುತ್ತಿದ್ದವು. "ಬನ್ರವ್ವಾ, ಒತ್ತು ಮುಳುಗ್ತದೆ" ಅಂತ ಚಿಕ್ಕಲಕ್ಷ್ಮಮ್ಮ ಕೂಗಿ ಕೂಗಿ ಸೋತಳು. ಉಪವಾಸ ಮಲಗಲಿ, ಬುದ್ಧಿ ಬರುತ್ತದೆ ಅಂದೆ. ಎರಡು ದಿನ ಹಾಗೇ ಮಲಗಿದವು.

ಮೂರನೆಯ ದಿನ ನನ್ನ ಬಸ್ ತಡವಾಯಿತು. ಏಳೂಮುಕ್ಕಾಲಿಗೆ ಬಂದರೆ ಮನೆಯ ಕಿಟಕಿಯೆಲ್ಲ ಮುಚ್ಚಿ, ಪರದೆ ಎಳೆದು, ಇದ್ದಬದ್ದ ದೀಪವೆಲ್ಲ ಹಾಕಿತ್ತು. ಚಿಕ್ಕಲಕ್ಷ್ಮಮ್ಮ ಕೆಳಗೆ ಕೂತು ಕೈತುತ್ತು ಕೊಡುತ್ತಿದ್ದಳು.

"ಅವ್ವ, ಹೊತ್ತು ಮುಳುಗಿಲ್ವಾ?" ಅಂದಳು ತ್ರಿಷಾ.

"ಎಲ್ಲಿ ಮುಳುಗ್ತದೆ? ನಾನ್ ಇಡ್ಕಂಡಿವ್ನಿ ಕಣವ್ವಾ. ನೀವ್ ಉಂಡಾದ್ಮ್ಯಾಕೆ ಬುಡ್ತೀನಿ."

ನಗಬಹುದಿತ್ತು. ನಗಲಿಲ್ಲ. ನಮ್ಮ ಧರ್ಮ ಕೆಡಿಸಿದಿರಿ ಅಂದೆ. ಹಾಗನ್ನುವಾಗ ನನ್ನ ಬಾಯಲ್ಲಿ ವಡೆಯ ಎಣ್ಣೆ ಇನ್ನೂ ಇತ್ತು.

"ಎಲ್ಡ್ ದಿನದಿಂದ ಉಪಾಸ ಮನಗವೆ ಅಮ್ಮಾರೇ. ಕರುಳು ತಡೀಲಿಲ್ಲ" ಅಂದಳು.

"ನಾಳೆಯಿಂದ ಬರಬೇಡಿ."

ಅವಳು ಬೇಡಿಕೊಳ್ಳಲಿಲ್ಲ. ತಟ್ಟೆ ತೊಳೆದಿಟ್ಟು, ಚೀಲ ತೆಗೆದುಕೊಂಡು ಸಾಲಗಾಮೆ ಬಸ್ಸಿಗೆ ಹೋದಳು. ಮಕ್ಕಳು ಅಳಲಿಲ್ಲ. ಗೆದ್ದೆ ಅಂದುಕೊಂಡೆ.

ಮಾರನೆಯ ದಿನ ರಜೆ ಹಾಕಿ, ಅಷ್ಟು ಒಳ್ಳೆಯವರಾಗಿದ್ದವರು ಯಾಕೆ ಹಾಗೆ ಮಾಡಿದಿರಿ ಅಂತ ಸಿದ್ಧಿಯನ್ನು ಕೇಳಿದೆ.

"ಸಿನಿಮಾದಲ್ಲಿ ಮಕ್ಳು ಒಳ್ಳೆಯವರಾದ ದಿನ ಆಯಾ ಬಿಟ್ಟೋದ್ಲು. ನಾವೂ ಒಳ್ಳೆಯವರಾಗ್ಬುಟ್ಟಿದ್ವಿ. ಅವ್ವ ಓಗ್ಬಾರ್ದು ಅಂತ ಕೆಟ್ಟವರಾದ್ವಿ" ಅಂದಳು. ನನ್ನ ಮಗಳ ಬಾಯಲ್ಲಿ ಚಿಕ್ಕಲಕ್ಷ್ಮಮ್ಮನ ಮಾತು.

ನನಗೆ ನಾಚಿಕೆಯಾಯಿತು. ಎರಡು ದಿನ ಹಿಂದೆಮುಂದೆ ನೋಡಿ, ಅವಳ ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಅವಳ ಮಗ ಶಶಿಕುಮಾರ್. "ಅವ್ವ ರಾಮನಾಥಪುರಕ್ಕೆ ಓಯ್ತು ಮೇಡಮ್. ಅಲ್ಲೊಂದು ಮನೇಲಿ ಮಗು ನೋಡ್ಕೊಳ್ಳಕೆ. ನಿಮ್ ಮಕ್ಳು ಉಂಡ್ವಾ ಅಂತ ಕೇಳ್ತಿತ್ತು." ಉಂಡವು ಅಂದು ಇಟ್ಟೆ.

ನಿಜಕ್ಕೂ ಉಂಡವು. ಆ ವಾರವೆಲ್ಲ ರಜೆಯಲ್ಲಿದ್ದೆ. ಐದೂವರೆಗೆ ಕರೆಯದೆಯೇ ಬಂದು ಕೂತವು. ಬಟ್ಟೆ ಮಡಿಸಿದವು, ಹೋಮ್‌ವರ್ಕ್ ಮುಗಿಸಿದವು, ಒಂದಕ್ಕೊಂದು ಜಗಳವಾಡಲಿಲ್ಲ. "ಆಯಾ ಯಾಕೆ ಬೇಕಿತ್ತು, ನೀನೇ ಸಾಕು" ಅಂದರು ಧನಂಜಯ್. ನನಗೂ ಹಾಗೇ ಅನ್ನಿಸತೊಡಗಿತ್ತು. ತಾಯಿ ತಾಯಿಯೇ ಅಂತ ಒಳಗೊಳಗೇ ಹಿಗ್ಗಿದೆ.

ಎಂಟನೆಯ ದಿನ ಊಟ ಮುಗಿಸಿ, ಕೈ ತೊಳೆದು, ತ್ರಿಷಾ ನನ್ನೆದುರು ನಿಂತಳು.

"ಅಮ್ಮ, ನಾವೀಗ ಒಳ್ಳೆಯವರಾಗಿದೀವಲ್ವಾ?"

"ಹೂಂ ಬಂಗಾರ, ತುಂಬಾ."

"ಮತ್ತೆ ನೀನು ಯಾವಾಗ ಹೋಗ್ತೀಯ?"

ಮಗು ತಮಾಷೆ ಮಾಡುತ್ತಿದೆ ಅಂದುಕೊಳ್ಳಬಹುದಿತ್ತು. ಆದರೆ ಸಿದ್ಧಿ ಅಡುಗೆಮನೆಯಿಂದ ಓಡಿಬಂದು ತಂಗಿಯ ಬಾಯಿ ಮುಚ್ಚಿದಳು.