ಲಿಫ್ಟಣ್ಣನ ನೂರ ಏಳು ಮೆಟ್ಟಿಲು

ಲಿಫ್ಟಣ್ಣ ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಕಟ್ಟಡದ ಮೆಟ್ಟಿಲುಗಳನ್ನು ಒಮ್ಮೆಯೂ ಹತ್ತಿರಲಿಲ್ಲ. ಬೆಳಿಗ್ಗೆ ಹಿಂಬಾಗಿಲಿನಿಂದ ಒಳಗೆ ಬಂದರೆ ಎದುರಿಗೇ ಲಿಫ್ಟು, ಅದರೊಳಗೊಂದು ಮರದ ಸ್ಟೂಲು. ಸಂಜೆ ಆರರವರೆಗೆ ಅವನ ಜಾಗ ಅದೇ. ನೆಲಮಹಡಿಯಿಂದ ಒಂದನೇ ಮಹಡಿಗೆ ಹದಿನಾಲ್ಕು ಸೆಕೆಂಡು, ಅಲ್ಲಿಂದ ಮೇಲೆ ಪ್ರತಿ ಮಹಡಿಗೆ ಎಂಟು ಸೆಕೆಂಡು ಎಂಬುದು ಅವನಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತಾಗುತ್ತಿತ್ತು. ಮೊದಲನೆಯದಕ್ಕೆ ಮಾತ್ರ ಯಾಕೆ ಹೆಚ್ಚು ಎಂದು ಯೋಚಿಸಿರಲಿಲ್ಲ. ಹಳೇ ಲಿಫ್ಟು, ಹೊರಡುವ ಮುಂಚೆ ಮೈ ಮುರಿಯುತ್ತದೆ ಎಂದುಕೊಂಡಿದ್ದ.

ಐದನೇ ತಾರೀಖು ಮ್ಯಾನೇಜರ್ ಕರೆದರು. ಮುಂದಿನ ಒಂದನೇ ತಾರೀಖಿನಿಂದ ಲಿಫ್ಟು ಬಂದ್. ಎರಡು ತಿಂಗಳ ನಂತರ ಹೊಸದು ಬರುತ್ತದೆ, ಅದಕ್ಕೆ ನಡೆಸುವವನು ಬೇಕಿಲ್ಲ. ಅವನಿಗೆ ಟಪಾಲಿನ ಕೆಲಸ ಕೊಡಬಹುದು: ದಿನಕ್ಕೆ ಎರಡು ಸಲ ನಾಲ್ಕೂ ಮಹಡಿಗೆ ಕಾಗದಪತ್ರ ಹಂಚಬೇಕು. ಆಗದಿದ್ದರೆ ಈಗಲೇ ಹೇಳಲಿ, ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಲಿಫ್ಟಣ್ಣ ಆಗುತ್ತದೆ ಎಂದುಬಿಟ್ಟ. ಹೊರಗೆ ಬಂದು ಸ್ಟೂಲಿನ ಮೇಲೆ ಕೂತ ಮೇಲೆ, ಇನ್ನು ಆ ನಾಲ್ಕು ಮಹಡಿಗೂ ಮೆಟ್ಟಿಲೇ ದಾರಿ ಎಂಬುದು ಹೊಳೆಯಿತು.

ಅವನ ಅಣ್ಣ ಸತ್ತದ್ದು ಮೆಟ್ಟಿಲಿನ ಮೇಲೆ. ಸ್ವಂತ ಮನೆಯ ಮೆಟ್ಟಿಲು, ಕೈಯಲ್ಲಿ ನೀರಿನ ಕ್ಯಾನು. ತಿರುವಿನಲ್ಲಿ ಕೂತವನು ಮತ್ತೆ ಏಳಲಿಲ್ಲ. ಆಗ ಅಣ್ಣನಿಗೆ ಐವತ್ತನಾಲ್ಕು. ಲಿಫ್ಟಣ್ಣನಿಗೆ ಹೋದ ತಿಂಗಳು ಐವತ್ತನಾಲ್ಕು ತುಂಬಿತ್ತು.

ಹೆಂಡತಿ ಮರುದಿನವೇ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಇಸಿಜಿ ಆಯಿತು, ಟ್ರೆಡ್‌ಮಿಲ್ ಮೇಲೆ ನಡೆಸಿಯೂ ನೋಡಿದರು. ಹೃದಯದಲ್ಲಿ ದೋಷವಿಲ್ಲ, ತೂಕ ಒಂಬತ್ತು ಕಿಲೋ ಜಾಸ್ತಿ, ಕಾಲಿಗೆ ಅಭ್ಯಾಸವಿಲ್ಲ ಅಷ್ಟೇ ಎಂದರು. ದಿನಕ್ಕೊಂದು ಮಹಡಿಯಿಂದ ಶುರು ಮಾಡಿ, ನಿಧಾನವಾಗಿ ಹೆಚ್ಚಿಸಿ, ಹತ್ತುವಾಗ ಮಾತಾಡಲು ಆಗುತ್ತಿರಬೇಕು, ಎದೆ ನೋವೋ ತಲೆ ಸುತ್ತೋ ಬಂದರೆ ತಕ್ಷಣ ನಿಲ್ಲಿಸಿ ಬನ್ನಿ ಎಂದರು. ಅವನ ತಲೆಯಲ್ಲಿ ಉಳಿದದ್ದು ಕೊನೆಯ ಮಾತು ಮಾತ್ರ.

“ಚೆನ್ನಾಗಿದೆ ಅಂದ್ರಲ್ಲ, ಇನ್ನೇನು? ರಿಪೋರ್ಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕ್ಲಾ?” ಎಂದಳು ಹೆಂಡತಿ, ದಾರಿಯಲ್ಲಿ.

“ಅಣ್ಣಾನೂ ಹಿಂದಿನ ದಿನದವರೆಗೆ ಚೆನ್ನಾಗೇ ಇದ್ದ.”

ಅವಳು ರಸ್ತೆ ದಾಟುವಾಗ ಅವನ ತೋಳು ಹಿಡಿದುಕೊಂಡಳು.

ಎಂಟನೇ ತಾರೀಖು, ಶನಿವಾರ, ಆಫೀಸು ತೆರೆಯುವ ಮುಂಚೆ ಅವನು ಮೆಟ್ಟಿಲ ಬಾಗಿಲು ತಳ್ಳಿದ. ಜೇಬಿನಲ್ಲಿದ್ದ ಚೀಟಿಯಲ್ಲಿ ವಾರಕ್ಕೊಂದು ಮಹಡಿಯಂತೆ ಗುರಿ ಬರೆದಿತ್ತು. ಒಂದು ಮಹಡಿ ಎಂದರೆ ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೆರಡು ಮೆಟ್ಟಿಲು. ಕಂಬಿ ಹಿಡಿದು ಹತ್ತಿದ. ಹದಿನಾಲ್ಕಕ್ಕೆ ಒಂದು ತಿರುವು. ಇಪ್ಪತ್ತೆರಡು ದಾಟಿತು, ಮಹಡಿ ಬರಲಿಲ್ಲ. ಇಪ್ಪತ್ತೇಳಕ್ಕೆ ಒಂದು ಬಾಗಿಲು ಸಿಕ್ಕಿತು. ಬೀಗ ಹಾಕಿತ್ತು, ಮೇಲೆ ಸಂಖ್ಯೆ ಇರಲಿಲ್ಲ. ಈ ಕಟ್ಟಡದಲ್ಲಿ ಅಂಥ ಬಾಗಿಲನ್ನು ಅವನು ನೋಡಿಯೇ ಇರಲಿಲ್ಲ. ಮೇಲಕ್ಕೆ ನೋಡಿದರೆ ಮತ್ತೆ ಮೆಟ್ಟಿಲು.

ಎದೆಯ ಬಡಿತ ಕಿವಿಗೆ ಬಂತು. ಒಂದು ಮಹಡಿಯೇ ಮುಗಿಯುತ್ತಿಲ್ಲ ಎಂದರೆ ಒಳಗೆ ಏನೋ ಕೆಟ್ಟಿದೆ ಎಂದೇ ಅರ್ಥ ಎನ್ನಿಸಿತು. ಎಣಿಕೆ ತಪ್ಪಿತೇ, ತಲೆಗೆ ರಕ್ತ ಹೋಗುತ್ತಿಲ್ಲವೇ? ಅವನು ತಿರುವಿನಲ್ಲಿ ಕೂತ. ಕೂತ ಮೇಲೆ, ಅಣ್ಣನೂ ಹೀಗೇ ತಿರುವಿನಲ್ಲೇ ಕೂತದ್ದು ನೆನಪಾಯಿತು. ಏಳಲು ಹೆದರಿಕೆ, ಕೂತಿರಲೂ ಹೆದರಿಕೆ.

ಮೇಲಿನಿಂದ ಬಕೆಟಿನ ಸದ್ದು ಬಂತು. ನೆಲ ಒರೆಸುವ ಅಕ್ಕ ಹಿಂದಹಿಂದಕ್ಕೆ ಇಳಿಯುತ್ತಾ ಬಂದು ಅವನನ್ನು ಕಂಡು ನಿಂತಳು.

“ಏನು ಲಿಫ್ಟಣ್ಣ, ದಾರಿ ತಪ್ಪಿದ್ರಾ?”

“ಅಕ್ಕ, ಒಂದನೇ ಮಹಡಿ ಎಲ್ಲಿ?”

“ಇನ್ನೂ ಹದಿನಾಲ್ಕು ಮೆಟ್ಟಿಲಿದೆ. ಕೆಳಗೆ ಮೊದಲು ಮೆಷಿನ್ ಇದ್ವಲ್ಲ, ಅದಕ್ಕೆ ಎತ್ತರ ಜಾಸ್ತಿ. ಈ ಬಾಗಿಲು ಹಳೇ ಗೋಡೌನಿಂದು. ನಿಮ್ಮ ಲಿಫ್ಟು ಇಲ್ಲಿ ನಿಲ್ಲಲ್ಲ.”

ಅವನಿಗೆ ಹದಿನಾಲ್ಕು ಸೆಕೆಂಡು ನೆನಪಾಯಿತು. ಹತ್ತೊಂಬತ್ತು ವರ್ಷ ಈ ಬಾಗಿಲಿನ ಮುಂದೆಯೇ ದಿನಕ್ಕೆ ನೂರು ಸಲ ಹಾದುಹೋಗಿದ್ದ.

ಎದೆ ನೋವಿದೆಯೇ ಎಂದು ಅಕ್ಕ ಕೇಳಿದಳು. ನೋವಿರಲಿಲ್ಲ. ಅಣ್ಣನ ವಿಷಯ ಹೇಳಿದ. ಪೂರ್ತಿ ಕೇಳಿಸಿಕೊಂಡು ಅವಳು ಒರೆಸುವ ಬಟ್ಟೆ ಹಿಂಡಿದಳು.

“ಇಷ್ಟುದ್ದ ಕಥೆ ಹೇಳಿದ್ರಲ್ಲ, ಉಸಿರಿಲ್ಲದವರು ಹೇಳ್ತಾರಾ? ಮಹಡಿ ಲೆಕ್ಕ ಲಿಫ್ಟಿನಲ್ಲಿ ಕೂತವರದ್ದು. ನಾನು ತಿರುವು ಲೆಕ್ಕದಲ್ಲಿ ಒರೆಸೋದು. ಒಂದು ತಿರುವಿಗೆ ಒಂದು ಬಕೆಟ್ ನೀರು.”

ಒಂದನೇ ಮಹಡಿಗೆ ನಲವತ್ತೊಂದು, ಅಲ್ಲಿಂದ ಮೇಲೆ ಇಪ್ಪತ್ತೆರಡರಂತೆ, ಒಟ್ಟು ನೂರ ಏಳು ಎಂದು ಅವಳೇ ಹೇಳಿದಳು. ಅವನು ಚೀಟಿಯ ಹಿಂಬದಿಯಲ್ಲಿ ಹೊಸದಾಗಿ ಬರೆದ. ಭಾನುವಾರ ಬಿಟ್ಟರೆ ತಿಂಗಳ ಕೊನೆಯವರೆಗೆ ಹದಿನೆಂಟು ದಿನ. ಮೂರು ದಿನಕ್ಕೊಂದು ತಿರುವು ಹೆಚ್ಚಿಸಿದರೆ ಹದಿನೈದು ದಿನಕ್ಕೆ ಐದು ತಿರುವು. ಉಳಿದ ಮೂರು ದಿನ ಹೆದರಿಕೆಗೆ ಮೀಸಲು. ಕೂಡಿಸಿ ನೋಡಿದ: ಐದನೇ ತಿರುವು ಎಂದರೆ ಎರಡನೇ ಮಹಡಿ, ಅರವತ್ಮೂರನೇ ಮೆಟ್ಟಿಲು. ನಾಲ್ಕನೇ ಮಹಡಿ ಈ ತಿಂಗಳಲ್ಲಿ ಆಗುವ ಮಾತಲ್ಲ.

ಸೋಮವಾರದಿಂದ ಹತ್ತಿದ. ಮೊದಲ ಮೂರು ದಿನ ಹದಿನಾಲ್ಕೇ ಮೆಟ್ಟಿಲು. ತಿರುವು ಸಿಕ್ಕಿದ ಕಡೆಯೆಲ್ಲ ನಿಂತು ಮನೆ ವಿಳಾಸವನ್ನು ಪಿನ್ ಕೋಡ್ ಸಮೇತ ಗಟ್ಟಿಯಾಗಿ ಹೇಳುತ್ತಿದ್ದ. ನಡುವೆ ಉಸಿರು ಕಡಿದರೆ ಮತ್ತೆ ಕೂರುತ್ತಿದ್ದ. ಬೀಗದ ಬಾಗಿಲ ಮುಂದೆ ಎರಡು ದಿನ ಕಾಲು ಏಳಲಿಲ್ಲ, ಮೀಸಲಿನಲ್ಲಿ ಎರಡು ಹೋಯಿತು. ಹೆದರಿಕೆ ಕಡಿಮೆಯಾಗಲಿಲ್ಲ, ಮೂರು ದಿನಕ್ಕೊಮ್ಮೆ ಒಂದು ತಿರುವು ಮೇಲಕ್ಕೆ ಹೋಗುತ್ತಿತ್ತು. ಮ್ಯಾನೇಜರ್ ಬಾಗಿಲವರೆಗೆ ಎರಡು ಸಲ ಹೋಗಿ, ನಿಜ ಹೇಳಲಾಗದೆ ಹಿಂದಿರುಗಿದ.

ಒಂದನೇ ತಾರೀಖು ಲಿಫ್ಟಿನ ದೀಪ ಆರಿಸಿದ್ದರು. ಲಿಫ್ಟಣ್ಣ ಟಪಾಲು ಚೀಲ ಹೆಗಲಿಗೆ ಹಾಕಿಕೊಂಡು ಹತ್ತಿದ. ಒಂದನೇ ಮಹಡಿಯವರದ್ದು ಕೊಟ್ಟ, ಎರಡನೇ ಮಹಡಿಯವರದ್ದು ಕೊಟ್ಟು ಮತ್ತೆ ಮೆಟ್ಟಿಲಿಗೆ ಬಂದು ನಿಂತ. ನಾಲ್ಕನೇ ಮಹಡಿಯ ಕಂಬಿಯಿಂದ ಮ್ಯಾನೇಜರ್ ಬಗ್ಗಿದರು.

“ಇನ್ನೆರಡೇ ಮಹಡಿ. ಬನ್ನಿ, ಕಾಯ್ತಾ ಇದೀನಿ.”

ಹತ್ತಿದರೆ ಅಣ್ಣನ ತಿರುವು, ಹತ್ತದಿದ್ದರೆ ಕೆಲಸ ಹೋಯಿತು. ಒಂದು ಕಾಲು ತಾನಾಗಿಯೇ ಮೆಟ್ಟಿಲ ಮೇಲೆ ಹೋಗಿತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡ.

“ಸಾರ್, ಇವತ್ತಿಗೆ ನನ್ನಿಂದಾಗೋದು ಅರವತ್ಮೂರು ಮೆಟ್ಟಿಲು, ನಿಮ್ಮ ಹತ್ರ ಬರಕ್ಕೆ ನೂರ ಏಳು ಬೇಕು, ಅದು ಹದಿನೇಳನೇ ತಾರೀಖಿಗೆ ಆಗುತ್ತೆ, ಹೋದ ತಿಂಗಳು ನಾನು ಆಗುತ್ತೆ ಅಂದಿದ್ದು ತಪ್ಪಾಯ್ತು.”

ಹೇಳಿ ಮುಗಿಸಿದ ಮೇಲೆ, ನಡುವೆ ಉಸಿರು ಕಡಿಯಲಿಲ್ಲ ಎಂಬುದು ಅವನ ಗಮನಕ್ಕೆ ಬಂತು.

ಮೇಲಿನಿಂದ ಬೂಟಿನ ಸದ್ದು ಬಂತು. ಅವನು ಅಭ್ಯಾಸಬಲದಿಂದ ಎಣಿಸಿದ: ಇಪ್ಪತ್ತೆರಡಕ್ಕೆ ಸದ್ದು ನಿಂತಿತು, ತುಂಬಾ ಹೊತ್ತು ನಿಂತಿತು, ಮತ್ತೆ ಶುರುವಾಯಿತು. ದಪ್ಪ ಮೈಯ ಮ್ಯಾನೇಜರ್ ಎರಡೂ ಕೈಯಲ್ಲಿ ಕಂಬಿ ಹಿಡಿದು ಇಳಿದರು. ಬೆಳಿಗ್ಗೆ ಹತ್ತಿದ ಸುಸ್ತು ಇನ್ನೂ ಮುಖದಲ್ಲಿತ್ತು. ಟಪಾಲು ಕಟ್ಟಿಗೆ ಕೈ ಚಾಚಿದರು.

“ಹದಿನೇಳು ಅಂದ್ರಲ್ಲ, ಖಂಡಿತಾನಾ?”

“ಖಂಡಿತ ಅನ್ನಲ್ಲ ಸಾರ್. ಹೆದರಿಕೆಗೆ ಮೂರು ದಿನ ಸೇರಿಸಿದ್ರೆ ಲೆಕ್ಕ ಹಾಗೆ ಬರುತ್ತೆ.”

ಅವರು ಕಟ್ಟು ಕಂಕುಳಲ್ಲಿಟ್ಟು ತಿರುಗಿ ಮೇಲಕ್ಕೆ ನೋಡಿದರು. ಆ ನೋಟವನ್ನು ಲಿಫ್ಟಣ್ಣ ಗುರುತಿಸಿದ.

“ಎಷ್ಟಿವೆ?” ಎಂದರು, ಸಣ್ಣ ದನಿಯಲ್ಲಿ.

“ನಲವತ್ತನಾಲ್ಕು ಸಾರ್. ಹನ್ನೊಂದಕ್ಕೆ ತಿರುವು ಬರುತ್ತೆ, ಅಲ್ಲಿ ನಿಂತು ಮನೆ ವಿಳಾಸ ಹೇಳಿ. ನಾನು ಇಲ್ಲೇ ಕೇಳಿಸ್ಕೊತೀನಿ.”